ಆರ್ಡರ್ ಅರ್ಧಕ್ಕೆ ಇಳಿದಾಗ ಲೆಕ್ಕದ ಮೇಜಿನ ಮೇಲೆ ಏನಿರಬೇಕು

2008ರ ಸೆಪ್ಟೆಂಬರ್ 15ರಂದು ನ್ಯೂಯಾರ್ಕಿನಲ್ಲಿ ಲೀಮನ್ ಬ್ರದರ್ಸ್ ಎಂಬ ದೊಡ್ಡ ಹೂಡಿಕೆ ಬ್ಯಾಂಕು ದಿವಾಳಿ ಅರ್ಜಿ ಹಾಕಿತು, ಜಗತ್ತಿನ ಆರ್ಥಿಕ ಬಿಕ್ಕಟ್ಟು ಉಲ್ಬಣಿಸಿತು. ಇಲ್ಲಿ ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗದಲ್ಲೋ ಆ ದಿನ ಲೇತ್ ನಿಲ್ಲಿಸಲು ಯಾರಿಗೂ ಕಾರಣವಿರಲಿಲ್ಲ. ಕೈಯಲ್ಲಿ ಆರ್ಡರ್ ಇತ್ತು, ಹಳೆ ಬಿಲ್ಲುಗಳ ಹಣ ಬರುತ್ತಿತ್ತು. ಆ ತಿಂಗಳ ಲಾಭ-ನಷ್ಟದ ಪಟ್ಟಿ ತೆಗೆದು ನೋಡಿದರೂ ಏನೂ ಗೊತ್ತಾಗುತ್ತಿರಲಿಲ್ಲ. ನಾನು ಹೇಳಬೇಕೆಂದಿರುವುದು ಇದನ್ನೇ. ಬಿಕ್ಕಟ್ಟಿನಲ್ಲಿ ನಮ್ಮ ಮಾಮೂಲಿ ಲೆಕ್ಕಪತ್ರ ತಡವಾಗಿ ಬರುತ್ತದೆ, ಬಂದ ಮೇಲೆ ಅಡ್ಡದಾರಿ ತೋರಿಸುತ್ತದೆ. ಅದರಲ್ಲೂ ನಾವು ಕಾಸ್ಟ್ ಅಕೌಂಟೆಂಟುಗಳು, ಅಂದರೆ ಉತ್ಪಾದನೆಯ ವೆಚ್ಚದ ಲೆಕ್ಕ ಮಾಡುವವರು, ಹೆಮ್ಮೆಯಿಂದ ತಯಾರಿಸಿಕೊಡುವ ‘ಒಂದು ಪೀಸಿಗೆ ಇಷ್ಟು ಬೀಳುತ್ತದೆ’ ಎಂಬ ಅಂಕಿ ಇದೆಯಲ್ಲ, ಅದು ಮಾಡುವಷ್ಟು ಹಾನಿಯನ್ನು ಬೇರಾವುದೂ ಮಾಡುವುದಿಲ್ಲ.

ಆಗ ಏನೇನು ಬದಲಾಯಿತು ಎಂದು ಮೊದಲು ನೆನಪಿಸಿಕೊಳ್ಳಿ. ತಾಮ್ರ 2008ರ ಜುಲೈನಲ್ಲಿ ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ ಟನ್ನಿಗೆ 8,900 ಡಾಲರ್ ಆಸುಪಾಸಿನಲ್ಲಿತ್ತು. ಡಿಸೆಂಬರ್ ಕೊನೆಗೆ 3,000ಕ್ಕಿಂತ ಕೆಳಗಿತ್ತು. ಕಚ್ಚಾತೈಲ ಅದೇ ಜುಲೈನಲ್ಲಿ ಬ್ಯಾರೆಲ್ಲಿಗೆ 147 ಡಾಲರ್ ಮುಟ್ಟಿ, ವರ್ಷಾಂತ್ಯಕ್ಕೆ ಮೂವತ್ತರ ಮನೆಗೆ ಬಂತು. ವರ್ಷದ ಆರಂಭದಲ್ಲಿ 39 ರೂಪಾಯಿ ಚಿಲ್ಲರೆ ಇದ್ದ ಡಾಲರ್ ವರ್ಷ ಮುಗಿಯುವ ಮೊದಲೇ 50 ಮುಟ್ಟಿತು, 2009ರ ಮಾರ್ಚ್‌ನಲ್ಲಿ 52ರ ಹತ್ತಿರ ಹೋಯಿತು. ನಮ್ಮ ದೇಶದ ರಫ್ತು ಅಕ್ಟೋಬರ್‌ನಿಂದ ಇಳಿಯತೊಡಗಿತು. ಅಂದರೆ ಕಚ್ಚಾಮಾಲು, ಡಾಲರ್, ಆರ್ಡರ್ ಮೂರೂ ನಾಲ್ಕೇ ತಿಂಗಳಲ್ಲಿ ಜಾಗ ಬಿಟ್ಟು ಸರಿದವು. ಏಪ್ರಿಲ್‌ನಲ್ಲಿ ಮಾಡಿದ ಬಜೆಟ್ಟನ್ನು ಅಕ್ಟೋಬರ್‌ನಲ್ಲಿ ಹಿಡಿದುಕೊಂಡು ‘ವ್ಯತ್ಯಾಸ ಏಕೆ ಬಂತು’ ಎಂದು ವಿವರಣೆ ಬರೆಯುತ್ತ ಕೂತವರು ಇದ್ದರು. ಅಂಥ ವಿವರಣೆಯಿಂದ ಯಾರಿಗೂ ಮೂರು ಕಾಸಿನ ಉಪಯೋಗವಿಲ್ಲ.

ಒಂದು ಲೆಕ್ಕ ಹಿಡಿದುಕೊಂಡು ಹೋಗೋಣ, ಕೊನೆಯವರೆಗೂ ಅದೇ ಲೆಕ್ಕ. ಅಂಕಿಗಳು ನಾನು ಇಟ್ಟುಕೊಂಡವು, ಗುಣಾಕಾರ ಸುಲಭವಾಗಲಿ ಅಂತ. ಹಿತ್ತಾಳೆ ರಾಡ್ ತಂದು ತಿರುಗಿಸಿ ಬಿಡಿಭಾಗ ಮಾಡುವ ಒಂದು ಘಟಕ. ತಿಂಗಳಿಗೆ 1,00,000 ಪೀಸ್, ಪೀಸಿಗೆ 50 ರೂಪಾಯಿ. ಒಂದು ಪೀಸಿಗೆ 36 ರೂಪಾಯಿಯ ರಾಡ್ ಹೋಗುತ್ತದೆ, ಲೇತಿನಡಿ ಬೀಳುವ ಚೂರು ಮಾರಿದರೆ 12 ವಾಪಸ್ ಬರುತ್ತದೆ, ನಿವ್ವಳ 24. ಪ್ಲೇಟಿಂಗ್, ಟೂಲ್, ಯಂತ್ರ ಓಡುವ ಕರೆಂಟು, ಪ್ಯಾಕಿಂಗ್ ಎಲ್ಲ ಸೇರಿ 6. ಅಲ್ಲಿಗೆ ಮಾಡಿದಷ್ಟೂ ಏರುವ ಖರ್ಚು 30, ಅದನ್ನು ಕಳೆದು ಕೈಯಲ್ಲಿ ಉಳಿಯುವ ಹಣ, ಅಂದರೆ ಕಾಂಟ್ರಿಬ್ಯೂಷನ್, 20. ಇನ್ನು ಪೀಸು ಎಷ್ಟೇ ಮಾಡಿದರೂ ಬದಲಾಗದ ತಿಂಗಳ ಸ್ಥಿರ ಖರ್ಚು: ಸಂಬಳ 7 ಲಕ್ಷ, ಬಾಡಿಗೆ ಒಂದೂವರೆ, ಬ್ಯಾಂಕ್ ಬಡ್ಡಿ ಒಂದೂವರೆ, ಯಂತ್ರ ಸವೆದ ಲೆಕ್ಕಕ್ಕೆ ಬರೆಯುವ ಸವಕಳಿ 2, ಉಳಿದ ಆಫೀಸು-ನಿರ್ವಹಣೆ 3. ಒಟ್ಟು 15 ಲಕ್ಷ. ತಿಂಗಳ ಲಾಭ 5 ಲಕ್ಷ. ಪೀಸಿನ ಪೂರ್ತಿ ವೆಚ್ಚ 45. ಬ್ರೇಕ್-ಈವನ್, ಅಂದರೆ ಲಾಭವೂ ಇಲ್ಲದ ನಷ್ಟವೂ ಇಲ್ಲದ ಮಟ್ಟ, 75,000 ಪೀಸ್.

ಈಗ ಆರ್ಡರ್ 55,000ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ಕಾಂಟ್ರಿಬ್ಯೂಷನ್ 11 ಲಕ್ಷ, ನಷ್ಟ 4 ಲಕ್ಷ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತು. ಪೀಸಿನ ವೆಚ್ಚ ತೋರಿಸುವ ಕಾಸ್ಟ್ ಶೀಟ್ ಏನು ಹೇಳುತ್ತದೆ? 15 ಲಕ್ಷವನ್ನು 55,000ಕ್ಕೆ ಹಂಚಿದರೆ ಪೀಸಿಗೆ 27 ರೂಪಾಯಿ 27 ಪೈಸೆ. ಅದಕ್ಕೆ 30 ಸೇರಿಸಿ 57.27. ಮಾಲೀಕರಿಗೆ ಇದನ್ನು ತೋರಿಸಿದ ಕೂಡಲೇ ಅವರ ಬಾಯಿಂದ ಬರುವ ಮಾತು ಒಂದೇ: ‘50ಕ್ಕೆ ಮಾರಿದರೆ ಪ್ರತಿ ಪೀಸಿಗೂ ಏಳು ರೂಪಾಯಿ ಕೈಬಿಡುತ್ತಿದೆ. ದರ ಏರಿಸಿ, ಇಲ್ಲ ಬಿಟ್ಟುಬಿಡಿ.’ ದರ ಏರಿಸಿದರೆ ಇನ್ನೊಬ್ಬ ಗ್ರಾಹಕ ಹೋಗುತ್ತಾನೆ, ಪೀಸು 40,000ಕ್ಕೆ ಇಳಿಯುತ್ತದೆ, ಶೀಟಿನಲ್ಲಿ ವೆಚ್ಚ 67.50 ಆಗುತ್ತದೆ, ಮತ್ತೆ ದರ ಏರಿಸಬೇಕೆನಿಸುತ್ತದೆ. ಬಾವಿಯ ಮೆಟ್ಟಿಲು ಇಳಿದ ಹಾಗೆ. ಯಂತ್ರ ಖಾಲಿ ನಿಂತ ಖರ್ಚನ್ನು ಓಡುತ್ತಿರುವ ಪೀಸಿನ ತಲೆಗೆ ಕಟ್ಟಿದ್ದೇ ಇಲ್ಲಿನ ತಪ್ಪು. 15 ಲಕ್ಷವನ್ನು ಮಾಮೂಲಿನಂತೆ 1,00,000ಕ್ಕೆ ಹಂಚಿ ಪೀಸಿಗೆ 15 ರೂಪಾಯಿಯಷ್ಟೇ ಸೇರಿಸಿ, ಉಳಿದ 6.75 ಲಕ್ಷವನ್ನು ‘ಬಳಕೆಯಾಗದ ಸಾಮರ್ಥ್ಯ’ ಎಂದು ಬೇರೆ ಸಾಲಿನಲ್ಲಿ ತೋರಿಸಿ. ಸ್ಟಾಕಿಗೆ ಬೆಲೆ ಕಟ್ಟುವ ನಮ್ಮ ಎಎಸ್-2 ಲೆಕ್ಕ ಮಾನದಂಡವೂ ಉತ್ಪಾದನೆಯ ಸ್ಥಿರ ಖರ್ಚನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಿ ಎಂದೇ ಹೇಳುತ್ತದೆ, ಉತ್ಪಾದನೆ ಕುಸಿದ ತಿಂಗಳಲ್ಲಿ ಪೀಸಿನ ವೆಚ್ಚವನ್ನು ಉಬ್ಬಿಸಲು ಬಿಡುವುದಿಲ್ಲ. ಆ 6.75 ಲಕ್ಷ ಬೇರೆ ಸಾಲಿನಲ್ಲಿ ಕಂಡಾಗ ಮಾಲೀಕರ ಪ್ರಶ್ನೆಯೇ ಬದಲಾಗುತ್ತದೆ. ‘ದರ ಎಷ್ಟು ಏರಿಸಲಿ’ ಹೋಗಿ ‘ಈ ಖಾಲಿ ಯಂತ್ರಕ್ಕೆ ಏನು ಹಾಕಲಿ’ ಬರುತ್ತದೆ.

ಇದರ ತದ್ವಿರುದ್ಧ ತಪ್ಪೂ ಇದೆ, ಮತ್ತು ಅದು ಹೆಚ್ಚು ಮೋಸದ್ದು. ‘ಜನ ಸುಮ್ಮನೆ ಕೂರುವುದು ಬೇಡ, ಮಾಡಿ ಗೋಡೌನಿಗೆ ಹಾಕೋಣ’ ಎಂದು 1,00,000 ಪೀಸನ್ನೇ ಮಾಡುತ್ತಾರೆ. ಮಾರಾಟ 55,000. ಪುಸ್ತಕದಲ್ಲಿ ಏನಾಗುತ್ತದೆ ನೋಡಿ. ಮಾರಾಟ 27.5 ಲಕ್ಷ, 45ರಂತೆ ವೆಚ್ಚ 24.75 ಲಕ್ಷ; ಲಾಭ 2.75 ಲಕ್ಷ! ನಷ್ಟವಿದ್ದ ಕಡೆ ಲಾಭ. 6.75 ಲಕ್ಷ ಸ್ಥಿರ ಖರ್ಚು ಮಾರದ ಪೀಸುಗಳ ಬೆನ್ನೇರಿ ಸ್ಟಾಕಿನೊಳಗೆ ಕೂತಿದೆ ಅಷ್ಟೆ. ಮಾಲಿಗೂ ಪ್ಲೇಟಿಂಗಿಗೂ 13.5 ಲಕ್ಷ ನಗದು ಹೊರಗೆ ಹೋಗಿ ಗೋಡೌನಿನಲ್ಲಿ ಬಿದ್ದಿದೆ. ಆಡಿಟರ್ ಇದನ್ನು ಹಿಡಿಯಬೇಕೆಂದಿಲ್ಲ, ಏಕೆಂದರೆ ಉತ್ಪಾದನೆ ಸಾಮಾನ್ಯ ಮಟ್ಟದಲ್ಲೇ ಇದೆ. ಹಿಡಿಯಬೇಕಾದವರು ನಾವು. ಬಿಕ್ಕಟ್ಟಿನ ತಿಂಗಳಲ್ಲಿ ಲಾಭ ಏರಿ ಬ್ಯಾಂಕಿನ ಸಾಲವೂ ಏರಿದ್ದರೆ ಮೊದಲು ಸಿದ್ಧ ಮಾಲಿನ ಎಣಿಕೆಗೆ ಹೋಗಿ.

ಸ್ವಲ್ಪ ಪಕ್ಕಕ್ಕೆ ಸರಿಯುತ್ತೇನೆ. ನಮ್ಮ ಸಂಸ್ಥೆಯ ಹಳೆ ಹೆಸರಿನಲ್ಲಿ ‘ಕಾಸ್ಟ್ ಅಂಡ್ ವರ್ಕ್ಸ್ ಅಕೌಂಟೆಂಟ್ಸ್’ ಎಂದಿತ್ತು. 1959ರ ಕಾಯಿದೆಯಲ್ಲಿ ಇದ್ದದ್ದು ಹಾಗೆಯೇ. 2012ರಲ್ಲಿ ‘ವರ್ಕ್ಸ್’ ಬಿಟ್ಟುಹೋಯಿತು. ವರ್ಕ್ಸ್ ಅಂದರೆ ಕಾರ್ಖಾನೆಯ ಒಳಗು. ಸಿದ್ಧ ಮಾಲು ಎಣಿಸಲು ಗೋಡೌನಿಗೆ ಇಳಿಯದೆ ಎಕ್ಸೆಲ್‌ನಲ್ಲೇ ಎಲ್ಲ ಮುಗಿಸುವ ಚಾಳಿ ಹೆಸರು ಬದಲಾಗುವ ಎಷ್ಟೋ ಮೊದಲೇ ಶುರುವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಇರಲಿ.

ಖಾಲಿ ಯಂತ್ರಕ್ಕೆ ಏನು ಹಾಕುವುದು? ಹೊಸ ಗ್ರಾಹಕನೊಬ್ಬ 20,000 ಪೀಸನ್ನು 40 ರೂಪಾಯಿಗೆ ಕೇಳುತ್ತಾನೆ. ಕಾಸ್ಟ್ ಶೀಟ್ ಪ್ರಕಾರ ಪೀಸಿಗೆ 17 ರೂಪಾಯಿ ನಷ್ಟ. ಕಾಂಟ್ರಿಬ್ಯೂಷನ್ ಪ್ರಕಾರ ಪೀಸಿಗೆ 10, ಒಟ್ಟು 2 ಲಕ್ಷ ಒಳಗೆ. ಪಠ್ಯಪುಸ್ತಕ ಇಲ್ಲಿಗೆ ನಿಲ್ಲಿಸಿ ‘ಒಪ್ಪಿಕೊಳ್ಳಿ’ ಎನ್ನುತ್ತದೆ. ನಾವು ನಿಲ್ಲಬಾರದು. ಈತ 90 ದಿನದ ಉದ್ದರಿ ಕೇಳುತ್ತಿದ್ದಾನೆ. ತಯಾರಿಕೆಗೆ ಒಂದು ತಿಂಗಳು ಸೇರಿಸಿದರೆ 6 ಲಕ್ಷ ರೂಪಾಯಿ ನಾಲ್ಕು ತಿಂಗಳು ಸಿಕ್ಕಿಬೀಳುತ್ತದೆ. ಶೇ 13ರ ಬಡ್ಡಿಯಲ್ಲಿ 26,000. ಉಳಿದದ್ದು 1.74 ಲಕ್ಷ. ಆತ ದುಡ್ಡೇ ಕೊಡದಿದ್ದರೆ? ಕೊಟ್ಟರೆ 2 ಲಕ್ಷ ಬರುತ್ತದೆ, ಕೊಡದಿದ್ದರೆ 6 ಲಕ್ಷ ಹೋಗುತ್ತದೆ. ಇಂಥ ನಾಲ್ಕು ಗ್ರಾಹಕರಲ್ಲಿ ಒಬ್ಬ ಕೈಕೊಟ್ಟರೆ ಉಳಿದ ಮೂವರ ಲಾಭ ಸೊನ್ನೆ. ಒಳ್ಳೆಯ ಕಾಲದಲ್ಲಿ ನಾಲ್ಕರಲ್ಲಿ ಒಬ್ಬ ಎಂದರೆ ಅತಿಯಾಯಿತು ಎನ್ನುತ್ತೀರಿ. 2009ರ ಏಪ್ರಿಲ್ 30ರಂದು ಕ್ರೈಸ್ಲರ್, ಜೂನ್ 1ರಂದು ಜನರಲ್ ಮೋಟರ್ಸ್ ದಿವಾಳಿ ರಕ್ಷಣೆಗೆ ಹೋದವು. ಅಮೆರಿಕದ ದಿವಾಳಿ ಕಾನೂನಿನಲ್ಲಿ ಅರ್ಜಿ ಹಾಕುವ ಹಿಂದಿನ 20 ದಿನಗಳಲ್ಲಿ ತಲುಪಿದ ಮಾಲಿನ ಹಣಕ್ಕೆ ಆದ್ಯತೆ ಇದೆ. ಅದಕ್ಕಿಂತ ಹಳೆಯ ಬಿಲ್ಲು ಸಾಲಿನ ಹಿಂದೆ ನಿಲ್ಲಬೇಕು. ಹಾಗಾಗಿ ಅಮೆರಿಕಕ್ಕೆ ಕಳಿಸುವವರು ತಮ್ಮ ಬಾಕಿ ಪಟ್ಟಿಯಲ್ಲಿ 20 ದಿನದ ಗೆರೆಯೊಂದನ್ನು ಎಳೆದು, ಗೆರೆಯ ಆಚೆ ಎಷ್ಟು ಹಣವಿದೆ ಎಂದು ಪ್ರತಿವಾರ ನೋಡಬೇಕು. ವಿದೇಶಿ ಖರೀದಿದಾರ ಹಣ ಕೊಡದಿದ್ದರೆ ರಕ್ಷಣೆ ಕೊಡುವ ಇಸಿಜಿಸಿ ವಿಮೆ ಇದ್ದರೆ ಆ ಖರೀದಿದಾರನಿಗೆ ಮಂಜೂರಾದ ಮಿತಿ ಎಷ್ಟು, ಸರಕು ಮಿತಿಯೊಳಗೇ ಹೋಗುತ್ತಿದೆಯೇ, ಹಣ ತಡವಾದುದನ್ನು ಗಡುವಿನೊಳಗೆ ತಿಳಿಸಿದ್ದೀರಾ ಎಂಬುದನ್ನೂ ನೋಡಬೇಕು. ಕಂತು ಕಟ್ಟಿದ್ದರೂ ತಿಳಿಸುವ ಗಡುವು ತಪ್ಪಿದರೆ ಕ್ಲೇಮ್ ಸಿಕ್ಕಿಹಾಕಿಕೊಳ್ಳುತ್ತದೆ.

ಇನ್ನೊಂದು, ಈ 40ರ ದರ ಹಳೆ ಗ್ರಾಹಕರ ಕಿವಿಗೆ ಬೀಳಬಾರದು. 55,000 ಪೀಸಿನವರು ನಾಲ್ಕು ರೂಪಾಯಿ ಇಳಿಸಿ ಎಂದರೆ 2.2 ಲಕ್ಷ ಹೋಯಿತು, ಹೊಸ ಆರ್ಡರಿನ ಲಾಭವೆಲ್ಲ ಅಲ್ಲಿಗೆ ಸಂದಾಯ. ಬೇರೆ ಡ್ರಾಯಿಂಗ್, ಬೇರೆ ಪ್ಲೇಟಿಂಗ್, ಬೇರೆ ಊರಿನ ಮಾರುಕಟ್ಟೆ, ಇಂಥ ಯಾವುದಾದರೂ ಬೇಲಿ ಇದ್ದರೆ ಮಾತ್ರ ಒಪ್ಪಿ.

ಈಗ ನಗದಿಗೆ ಬರೋಣ. ಮೊದಲು ಬ್ರೇಕ್-ಈವನ್ನನ್ನೇ ನಗದಿನಲ್ಲಿ ಮಾಡಿ. ಸವಕಳಿ 2 ಲಕ್ಷ ಕೈಯಿಂದ ಹೋಗುವುದಿಲ್ಲ, ತೆಗೆಯಿರಿ. ಟರ್ಮ್ ಲೋನಿನ ಅಸಲು, ತಿಂಗಳಿಗೆ 2.5 ಲಕ್ಷ ಎಂದುಕೊಳ್ಳಿ, ಲಾಭ-ನಷ್ಟದಲ್ಲಿ ಎಲ್ಲೂ ಕಾಣುವುದಿಲ್ಲ, ಸೇರಿಸಿ. 15.5 ಲಕ್ಷ, ಅಂದರೆ 77,500 ಪೀಸ್. ‘ಸವಕಳಿ ಇರುವುದರಿಂದ ನಗದಿನಲ್ಲಿ ನಾವು ಇನ್ನೂ ಪರವಾಗಿಲ್ಲ’ ಎಂಬ ಸಮಾಧಾನ ಸಾಲ ತೀರಿಸುತ್ತಿರುವ ಘಟಕಕ್ಕೆ ಸಲ್ಲದು.

ಆಮೇಲೆ ಇಲ್ಲೊಂದು ಕಣ್ಕಟ್ಟು ಇದೆ. ಗ್ರಾಹಕರು ಸರಾಸರಿ 75 ದಿನಕ್ಕೆ ಹಣ ಕೊಡುತ್ತಾರೆ, ನೀವು ಸರಬರಾಜುದಾರರಿಗೆ 30 ದಿನಕ್ಕೆ ಕೊಡುತ್ತೀರಿ ಎಂದಿಟ್ಟುಕೊಳ್ಳಿ. ಅಕ್ಟೋಬರ್‌ನಲ್ಲಿ ಮಾರಾಟ ಕುಸಿಯಿತು. ನವೆಂಬರ್‌ನಲ್ಲಿ ಹಳೆ ದರದಲ್ಲೇ 50 ಲಕ್ಷ ಬರುತ್ತದೆ. ಆದರೆ ಮಾಲು ತರುವುದು ಕಡಿಮೆಯಾಗಿದೆ, ಹೊರಹೋಗುವುದು ಮಾಲು-ಕೆಲಸಕ್ಕೆ 16.5 ಮತ್ತು ಸ್ಥಿರ ಖರ್ಚು-ಅಸಲಿಗೆ 15.5, ಒಟ್ಟು 32 ಲಕ್ಷ. ಆರ್ಡರ್ ಅರ್ಧವಾದ ತಿಂಗಳಲ್ಲಿ 18 ಲಕ್ಷ ಉಳಿತಾಯ! ಮಾಲೀಕರು ‘ಪೇಪರಿನವರು ಸುಮ್ಮನೆ ಹೆದರಿಸುತ್ತಾರೆ’ ಎಂದುಕೊಂಡು ಯಂತ್ರಕ್ಕೆ ಮುಂಗಡ ಕೊಡುವುದು, ಮನೆಗೆ ಹಣ ತೆಗೆಯುವುದು ಇದೇ ಹೊತ್ತಿನಲ್ಲಿ. ಡಿಸೆಂಬರ್ ನಡುವಿನಿಂದ ಒಳಬರುವುದು ತಿಂಗಳಿಗೆ 27.5 ಲಕ್ಷ; ಹೊರಗೆ ಅದೇ 32. ಅಲ್ಲಿಂದ ಪ್ರತಿ ತಿಂಗಳೂ ನಾಲ್ಕೂವರೆ ಲಕ್ಷದ ತೂತು. ಆ 18 ಲಕ್ಷ ಹಳೆ ಬಾಕಿ ಕರಗಿ ಬಂದ ಹಣ, ಗಳಿಕೆಯಲ್ಲ. ಅದನ್ನು ಮಾಲೀಕರ ಮುಂದೆ ಹಾಗೆಂದೇ ಬೇರೆ ಬಣ್ಣದಲ್ಲಿ ತೋರಿಸಬೇಕು.

ಅದು ಬ್ಯಾಂಕಿನ ಕಡೆಯಿಂದ ಹೇಗೆ ಕಾಣುತ್ತದೆ? ನಿಮ್ಮ ಸಿಸಿ (ಕ್ಯಾಶ್ ಕ್ರೆಡಿಟ್, ಬೇಕಾದಾಗ ತೆಗೆದು ತುಂಬುವ ಬ್ಯಾಂಕ್ ಸಾಲ) ಮಿತಿ 90 ಲಕ್ಷ. ಮಂಜೂರಾತಿ ಪತ್ರ ಕಬ್ಬಿಣದ ಬೀರುವಿನಲ್ಲಿ ಭದ್ರವಾಗಿದೆ. ಆದರೆ ಬ್ಯಾಂಕು ಕೊಡುವುದು ಮಿತಿಯನ್ನಲ್ಲ, ಡ್ರಾಯಿಂಗ್ ಪವರನ್ನು, ಅಂದರೆ ಆ ತಿಂಗಳ ಸ್ಟಾಕು ಮತ್ತು ಗ್ರಾಹಕರ ಬಾಕಿಯ ಮೇಲೆ ತೆಗೆಯಬಹುದಾದಷ್ಟನ್ನು. ಸೆಪ್ಟೆಂಬರ್‌ನಲ್ಲಿ ಸ್ಟಾಕ್ 40 ಲಕ್ಷ, ಸರಬರಾಜುದಾರರಿಗೆ ಕೊಡಬೇಕಾದ್ದು 16 ಕಳೆದು 24, ಬ್ಯಾಂಕು ಸಾಲ ಕೊಡದ ಪಾಲು, ಅಂದರೆ ಶೇ 25 ಮಾರ್ಜಿನ್, ಹೋಗಿ 18. ಗ್ರಾಹಕರಿಂದ ಬರಬೇಕಾದ 90 ದಿನದೊಳಗಿನ ಬಾಕಿ 120 ಲಕ್ಷ, ಶೇ 40 ಮಾರ್ಜಿನ್ ಹೋಗಿ 72. ಒಟ್ಟು 90. ಮಿತಿಗೆ ಸರಿಯಾಗಿ ಕೂತಿದೆ. ಡಿಸೆಂಬರ್ ಕೊನೆಯ ಸ್ಟಾಕ್ ಸ್ಟೇಟ್‌ಮೆಂಟಿಗೆ ಬನ್ನಿ. ಹಿತ್ತಾಳೆ ಇಳಿದು ಸ್ಟಾಕ್ 28. ಕೊಡಬೇಕಾದ್ದು 12 ಕಳೆದು 16, ಮಾರ್ಜಿನ್ ಹೋಗಿ 12. ಮಾರಾಟ ಅರ್ಧವಾದ್ದರಿಂದ ಹೊಸ ಬಾಕಿ 70 ಲಕ್ಷ, ಅದಕ್ಕೆ 42. ಇನ್ನೊಂದು 20 ಲಕ್ಷ 90 ದಿನ ದಾಟಿದೆ, ಬ್ಯಾಂಕ್ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಡ್ರಾಯಿಂಗ್ ಪವರ್ 54. ನೀವು ಕಷ್ಟಪಟ್ಟು ಸಾಲದ ಬಾಕಿಯನ್ನು 84ರಿಂದ 75ಕ್ಕೆ ಇಳಿಸಿದ್ದೀರಿ, ಆದರೂ ಖಾತೆ 21 ಲಕ್ಷ ಮಿತಿಮೀರಿದೆ. ಹೀಗೆ 90 ದಿನ ಸತತವಾಗಿ ಉಳಿದರೆ ಬ್ಯಾಂಕಿನ ಲೆಕ್ಕದಲ್ಲಿ ಖಾತೆ ಕೆಟ್ಟ ಸಾಲ, ಅಂದರೆ ಎನ್‌ಪಿಎ.

ಇಲ್ಲೇ ಆಸೆ ಹುಟ್ಟುವುದು. ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿ ಹಿತ್ತಾಳೆಗೆ ಜುಲೈ ದರವನ್ನೇ ಹಾಕುವುದು, 90 ದಿನ ದಾಟಿದ ಬಿಲ್ಲನ್ನು ರದ್ದು ಮಾಡಿ ಹೊಸ ತಾರೀಖಿನಲ್ಲಿ ಮತ್ತೆ ಬರೆಯುವುದು. ದಯವಿಟ್ಟು ಅದಕ್ಕೆ ಕೈ ಹಾಕಬೇಡಿ, ಮಾಲೀಕರು ಕೇಳಿದರೂ ಬೇಡ. ಸ್ಟಾಕ್ ಆಡಿಟ್ ಬಂದ ದಿನ ಸಮಯವೂ ಹೋಗುತ್ತದೆ, ನಂಬಿಕೆಯೂ ಹೋಗುತ್ತದೆ. ಮಾಡಬೇಕಾದ್ದು, ಅಕ್ಟೋಬರ್‌ನಲ್ಲೇ ಡಿಸೆಂಬರ್‌ನ ಡ್ರಾಯಿಂಗ್ ಪವರನ್ನು ಲೆಕ್ಕ ಹಾಕಿ, ಖಾತೆ ಇನ್ನೂ ಸರಿಯಿರುವಾಗಲೇ ಮ್ಯಾನೇಜರ್ ಎದುರು ಕೂರುವುದು. ಕೇಳುವುದಕ್ಕೂ ಸ್ಪಷ್ಟ ವಿಷಯಗಳಿವೆ: ಬಾಕಿಯ ಗಡುವನ್ನು ಆರು ತಿಂಗಳ ಮಟ್ಟಿಗೆ 120 ದಿನಕ್ಕೆ ಏರಿಸುವುದು, ಮಾರ್ಜಿನ್ ಇಳಿಸುವುದು, ಟರ್ಮ್ ಲೋನಿನ ಅಸಲನ್ನು ಮುಂದೂಡುವುದು, ಸಿಸಿಯ ಒಂದು ಪಾಲನ್ನು ಕಂತಿನ ಸಾಲವಾಗಿ ಬದಲಿಸುವುದು. 2008ರ ಡಿಸೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಸಾಲ ಪುನರ್‌ರಚನೆಗೆ ವಿಶೇಷ ಸಡಿಲಿಕೆ ಕೊಟ್ಟಿತ್ತು. ಅಂಥ ಸಡಿಲಿಕೆಗೆ ಗಡುವಿರುತ್ತದೆ. ನಗದಿನ ಮುನ್ನೋಟ ಇಲ್ಲದೆ ಅರ್ಜಿ ಹಾಕಲು ಆಗುವುದಿಲ್ಲ.

ಬಡ್ಡಿಯ ಬಗ್ಗೆ ಒಂದು ಮಾತು. ಅಕ್ಟೋಬರ್‌ನಲ್ಲಿ ಶೇ 9 ಇದ್ದ ರೆಪೊ ದರವನ್ನು (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) 2009ರ ಏಪ್ರಿಲ್ ಹೊತ್ತಿಗೆ ಶೇ 4.75ಕ್ಕೆ ಇಳಿಸಿದರು, ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಾದ ನಗದಿನ ಪಾಲಾದ ಸಿಆರ್‌ಆರ್ ಶೇ 9ರಿಂದ 5ಕ್ಕೆ ಬಂತು. ಟಿವಿಯಲ್ಲಿ ಇದನ್ನು ನೋಡಿ ಬಜೆಟ್ಟಿನ ಬಡ್ಡಿ ಸಾಲನ್ನು ಅರ್ಧ ಮಾಡಿದವರು ಮೋಸಹೋದರು. ಆಗ ಸಾಲ ಬ್ಯಾಂಕುಗಳು ತಾವೇ ನಿಗದಿ ಮಾಡುತ್ತಿದ್ದ ಮಾನಕ ದರವಾದ ಬಿಪಿಎಲ್‌ಆರ್‌ಗೆ ಕಟ್ಟಿಕೊಂಡಿತ್ತು, ಅದು ಆಮೆಯ ಹೆಜ್ಜೆಯಲ್ಲಿ ಇಳಿಯಿತು. ಈಗ ನಿಮ್ಮ ಸಾಲ ಯಾವ ದರಕ್ಕೆ ಕಟ್ಟಿದೆ, ಯಾವ ತಿಂಗಳು ಮರುನಿಗದಿಯಾಗುತ್ತದೆ ಎಂಬುದು ಮಂಜೂರಾತಿ ಪತ್ರದಲ್ಲಿದೆ. ಅದನ್ನು ಓದಿಯೇ ಬಡ್ಡಿ ಹಾಕಿ.

ಇದಕ್ಕೆಲ್ಲ ಬೇಕಾದ್ದು ಮುಂದೆ ಬರುವ-ಹೋಗುವ ಹಣವನ್ನು ವಾರವಾರಕ್ಕೂ ತೋರಿಸುವ ಹದಿಮೂರು ವಾರದ ನಗದು ಪಟ್ಟಿ. ಮಾಡುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ತಿಂಗಳಿನ ಪಟ್ಟಿ ಸಾಲದು, ಏಕೆಂದರೆ ಸಂಬಳ 7ನೇ ತಾರೀಖಿಗೆ, ಗ್ರಾಹಕನ ಚೆಕ್ಕು 25ಕ್ಕೆ. ತಿಂಗಳ ಕೊನೆಗೆ ಸರಿಯಾಗಿ ಕಾಣುವ ಲೆಕ್ಕದಲ್ಲಿ ನಡುವಿನ ಎರಡು ವಾರ ಹಣವೇ ಇರುವುದಿಲ್ಲ. ಸೋಮವಾರದ ಬ್ಯಾಂಕ್ ಬಾಕಿಯಿಂದ ಶುರು, ಪುಸ್ತಕದ ಬಾಕಿಯಿಂದ ಅಲ್ಲ. ಬರಬೇಕಾದ ಹಣವನ್ನು ಬಿಲ್ಲಿನ ಪ್ರಕಾರ ಬರೆಯಿರಿ, ಆದರೆ ಬಿಲ್ಲಿನ ಗಡುವಿಗೆ ಅಲ್ಲ, ಆ ಗ್ರಾಹಕ ಕಳೆದ ಆರು ಬಿಲ್ಲುಗಳನ್ನು ನಿಜವಾಗಿ ಎಷ್ಟು ದಿನಕ್ಕೆ ಕೊಟ್ಟ ಎಂಬುದಕ್ಕೆ. ಬಿಕ್ಕಟ್ಟಿದ್ದರೆ ಅದಕ್ಕೆ ಇನ್ನೂ ಎರಡು ವಾರ ಸೇರಿಸಿ. ಹತ್ತು ದೊಡ್ಡ ಗ್ರಾಹಕರಿಗೆ ಒಬ್ಬೊಬ್ಬರಿಗೂ ಒಂದು ಸಾಲು. ಉಳಿದ ಸಣ್ಣವರಿಗೆಲ್ಲ ಸೇರಿ ಒಂದು.

ಕೊಡಬೇಕಾದ ಹಣದಲ್ಲಿ ಮೂರು ಗುಂಪು. ಮುಂದೂಡಲಾಗದ್ದು: ಸಂಬಳ, 7ರೊಳಗಿನ ಟಿಡಿಎಸ್, 15ರೊಳಗಿನ ಪಿಎಫ್, ಜಿಎಸ್‌ಟಿ, ಕರೆಂಟ್ ಬಿಲ್ಲು, ಸಾಲದ ಕಂತು. ಕಾರ್ಮಿಕರ ಸಂಬಳದಿಂದ ಹಿಡಿದ ಪಿಎಫ್ ಹಣವನ್ನು ಕಟ್ಟದೆ ಬಳಸುವುದು ಕ್ರಿಮಿನಲ್ ಅಪರಾಧ; ‘ಒಂದು ತಿಂಗಳು ತಿರುಗಿಸಿಕೊಳ್ಳೋಣ’ ಎಂಬ ಮಾತಿಗೆ ಅಲ್ಲಿ ಜಾಗವಿಲ್ಲ. ಎರಡನೆಯದು, ನಿಲ್ಲಿಸಿದರೆ ಕಾರ್ಖಾನೆ ನಿಲ್ಲುವ ಸರಬರಾಜುದಾರರು. ನಮ್ಮ ಘಟಕಕ್ಕೆ ಅದು ರಾಡಿನವರು ಮತ್ತು ಪ್ಲೇಟಿಂಗಿನವರು. ಪ್ಲೇಟಿಂಗಿನವರು ಸಣ್ಣವರು, ಅವರ ಬಿಲ್ಲು ತಿಂಗಳಿಗೆ ಒಂದೆರಡು ಲಕ್ಷ. ಅದನ್ನು ತಡೆದು ಉಳಿಸುವುದು ಅಲ್ಪ, ಅವರು ಬಾಗಿಲು ಹಾಕಿದರೆ ನಿಮ್ಮ 27 ಲಕ್ಷದ ಮಾಲು ಪ್ಲೇಟಿಂಗ್ ಆಗದೆ ಕೂರುತ್ತದೆ. ಅವರಿಗೆ ಮೊದಲು ಕೊಡಿ. ಅಲ್ಲದೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ 45 ದಿನ ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಎಂದು 2006ರ ಎಂಎಸ್‌ಎಂಇಡಿ ಕಾಯಿದೆ ಹೇಳುತ್ತದೆ. ಅದು ನಿಮ್ಮ ಗ್ರಾಹಕರ ಮೇಲೂ ಅನ್ವಯಿಸುತ್ತದೆ ಎಂಬುದನ್ನು ಮರೆಯಬೇಡಿ. ಮೂರನೆಯದು ಉಳಿದೆಲ್ಲ.

ಪ್ರತಿ ಶುಕ್ರವಾರ ನಿಜವಾಗಿ ಆದದ್ದನ್ನು ಪಕ್ಕದಲ್ಲಿ ಬರೆಯಿರಿ. ವ್ಯತ್ಯಾಸ ಬಂದರೆ ಒಂದೇ ಪ್ರಶ್ನೆ ಕೇಳಿ: ಈ ಹಣ ತಡವಾಯಿತೋ, ಹೋಯಿತೋ? ತಡವಾದರೆ ಮುಂದಿನ ವಾರಕ್ಕೆ ಸರಿಸಿ. ಒಂದೇ ಬಿಲ್ಲು ಮೂರು ವಾರ ಸತತ ಸರಿದರೆ ಅದನ್ನು ಪಟ್ಟಿಯಿಂದ ತೆಗೆದುಬಿಡಿ, ಮತ್ತು ಆ ಗ್ರಾಹಕನಿಗೆ ಮಾಲು ಕಳಿಸುವ ಮುಂಚೆ ಮಾಲೀಕರ ಸಹಿ ಬೇಕು ಎಂದು ಡಿಸ್ಪ್ಯಾಚಿಗೆ ಹೇಳಿ. ಈ ಪಟ್ಟಿ ಕೆಡುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಅಕೌಂಟ್ಸ್‌ನವರು ಒಬ್ಬರೇ ಮಾಡುತ್ತಾರೆ. ಮಾರ್ಕೆಟಿಂಗಿನವರಿಗೆ ‘ಆ ಖರೀದಿದಾರರ ಗೋಡೌನ್ ತುಂಬಿದೆಯಂತೆ’ ಎಂಬುದು ಎರಡು ವಾರ ಮೊದಲೇ ಗೊತ್ತಿರುತ್ತದೆ, ಕೇಳುವವರಿರುವುದಿಲ್ಲ.

ಡಾಲರ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ 2008ರಲ್ಲಿ ಚೆನ್ನಾಗಿ ನಡೆಯುತ್ತಿದ್ದ ರಫ್ತುದಾರರನ್ನೂ ಕೆಡವಿದ್ದು ಅದು. 2007ರಲ್ಲಿ ರೂಪಾಯಿ ಬಲವಾಗುತ್ತಿತ್ತು, ಡಾಲರ್ 38ಕ್ಕೆ, 37ಕ್ಕೆ ಇಳಿಯುತ್ತದೆ ಎಂದು ಎಲ್ಲರೂ ಎನ್ನುತ್ತಿದ್ದರು. ತಿಂಗಳಿಗೆ 1 ಲಕ್ಷ ಡಾಲರ್ ಬರುತ್ತದೆಂದು ಒಬ್ಬರು ಒಂದು ವರ್ಷಕ್ಕೆ 41ರಲ್ಲಿ ಬ್ಯಾಂಕಿಗೆ ಮುಂಗಡವಾಗಿ ಮಾರಿಕೊಂಡರು ಎನ್ನಿ. ತಪ್ಪೇನಿಲ್ಲ. ಆರ್ಡರ್ ಶೇ 55ಕ್ಕೆ ಇಳಿದು, ಡಾಲರ್ 49 ಆಯಿತು. ಬಂದದ್ದು 55,000 ಡಾಲರ್, ಬ್ಯಾಂಕಿಗೆ ಕೊಡಬೇಕಾದ್ದು 1 ಲಕ್ಷ. ಉಳಿದ 45,000ವನ್ನು 49ಕ್ಕೆ ಕೊಂಡು 41ಕ್ಕೆ ಕೊಡಬೇಕು, ತಿಂಗಳಿಗೆ 3.6 ಲಕ್ಷ ನಷ್ಟ. ರೂಪಾಯಿ ಕುಸಿದರೆ ರಫ್ತುದಾರನಿಗೆ ಲಾಭ ಎಂಬ ಮಾತು ಇಲ್ಲಿ ತಲೆಕೆಳಗಾಗುತ್ತದೆ. ಇಂಥ ಸಾದಾ ಮುಂಗಡ ಮಾರಾಟ, ಅಂದರೆ ಫಾರ್ವರ್ಡ್‌ನಲ್ಲೇ ಹೀಗಾದರೆ, ‘ಆರಂಭದಲ್ಲಿ ಹಣ ಕೊಡಬೇಕಿಲ್ಲ’ ಎಂದು ಮಾರಿದ ಒಂದಕ್ಕೆರಡು ಆಪ್ಷನ್ನುಗಳ ಗತಿ ಕೇಳಬೇಡಿ. ರೂಪಾಯಿ ಬಲವಾಗಿದ್ದರೆ ನೀವು ಒಂದು ಪಾಲು ಮಾರುವ ಹಕ್ಕುಳ್ಳವರು; ದುರ್ಬಲವಾದರೆ ಎರಡು ಪಾಲು ಮಾರಲೇಬೇಕಾದವರು. ಯೆನ್, ಸ್ವಿಸ್ ಫ್ರಾಂಕ್‌ಗೆ ಕಟ್ಟಿದ ಒಪ್ಪಂದಗಳೂ ಇದ್ದವು, ಆ ಕರೆನ್ಸಿಗಳಲ್ಲಿ ಒಂದು ಪೈಸೆ ವ್ಯಾಪಾರವಿಲ್ಲದವರ ಹೆಸರಿನಲ್ಲಿ. ತಿರುಪ್ಪೂರಿನ ಸಿದ್ಧ ಉಡುಪಿನವರು ಇದರಿಂದ ಕೋರ್ಟ್ ಮೆಟ್ಟಿಲು ಹತ್ತಿದರು. ಇಂಥ ಒಪ್ಪಂದಗಳ ನಷ್ಟವನ್ನು ಪುಸ್ತಕದಲ್ಲಿ ತೋರಿಸಿ ಎಂದು 2008ರ ಮಾರ್ಚ್‌ನಲ್ಲಿ ಚಾರ್ಟರ್ಡ್ ಅಕೌಂಟೆಂಟುಗಳ ಸಂಸ್ಥೆ ಸೂಚಿಸಿದ ಮೇಲೆ ಎಷ್ಟೋ ನಿರ್ದೇಶಕ ಮಂಡಳಿಗಳಿಗೆ ತಾವು ಏನು ಸಹಿ ಹಾಕಿದ್ದೇವೆಂದು ತಿಳಿದದ್ದು.

ನನ್ನ ಸಲಹೆ ಸರಳ. ಕೈಯಲ್ಲಿರುವ ಖಚಿತ ಆರ್ಡರಿನ ಮುಕ್ಕಾಲು ಪಾಲನ್ನು ಮುಂಗಡ ಮಾರಿ. ಬರಬಹುದಾದ ಆರ್ಡರಿನ ಕಾಲು ಪಾಲಿಗಿಂತ ಹೆಚ್ಚು ಬೇಡ. ಯಾವ ಒಪ್ಪಂದದ ನಷ್ಟವನ್ನು ನೀವು ಎಕ್ಸೆಲ್‌ನ ಒಂದು ಸಾಲಿನಲ್ಲಿ ಲೆಕ್ಕ ಹಾಕಲಾರಿರೋ ಅದಕ್ಕೆ ಮಾಲೀಕರ ಸಹಿ ಬೀಳದಂತೆ ತಡೆಯಿರಿ.

ಖರ್ಚು ಕಡಿತದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಅದನ್ನೇ ಹೇಳುತ್ತಾರೆ. ‘ಎಲ್ಲ ವಿಭಾಗಕ್ಕೂ ಶೇ 10 ಕಡಿತ’ ಎಂಬ ಆದೇಶ ಯೋಚಿಸಲು ಸಮಯವಿಲ್ಲದವರದು. ಹಿಂದಿನ ವರ್ಷ ಉಬ್ಬಿಸಿ ಬಜೆಟ್ ಕೇಳಿದವರು ನೋವಿಲ್ಲದೆ ಪಾರಾಗುತ್ತಾರೆ, ಬಿಗಿಯಾಗಿದ್ದವರು ಮೂಳೆ ಕತ್ತರಿಸಿಕೊಳ್ಳುತ್ತಾರೆ. ಅದರ ಬದಲು ಪ್ರತಿ ಖರ್ಚಿನ ಮುಂದೆ, ಇವತ್ತು ನಿಲ್ಲಿಸಿದರೆ ಎಷ್ಟು ದಿನದಲ್ಲಿ ಹಣ ಹೊರಹೋಗುವುದು ನಿಲ್ಲುತ್ತದೆ, ಮತ್ತೆ ಬೇಕಾದಾಗ ಎಷ್ಟು ದಿನದಲ್ಲಿ ವಾಪಸ್ ಸಿಗುತ್ತದೆ ಎಂದು ಎರಡು ಅಂಕಿ ಬರೆಯಿರಿ. ಓವರ್‌ಟೈಮ್ ಇವತ್ತೇ ನಿಲ್ಲುತ್ತದೆ, ನಾಳೆಯೇ ಸಿಗುತ್ತದೆ. ಬಾಡಿಗೆಗೆ ಮೂರು ತಿಂಗಳ ನೋಟಿಸ್. ಯಂತ್ರ ನಿಂತರೂ ಕರೆಂಟಿನ ಒಪ್ಪಂದದ ಬೇಡಿಕೆಯ (ಮೊದಲೇ ಒಪ್ಪಿಕೊಂಡ ಗರಿಷ್ಠ ಬಳಕೆಯ) ದೊಡ್ಡ ಪಾಲಿಗೆ ಶುಲ್ಕ ಬೀಳುತ್ತಲೇ ಇರುತ್ತದೆ; ಇಳಿಸಲು ಅರ್ಜಿ ಹಾಕಬಹುದು, ಆದರೆ ಮತ್ತೆ ಏರಿಸುವಾಗ ಠೇವಣಿಯೂ ಓಡಾಟವೂ ಇದೆ. ಸಿಎನ್‌ಸಿ ಯಂತ್ರ ಹೊಂದಿಸುವ ಸೆಟ್ಟರ್ ಒಂದೇ ತಿಂಗಳಲ್ಲಿ ಹೋಗುತ್ತಾನೆ, ಅವನಂಥವನು ವಾಪಸ್ ಸಿಗಲು ಆರು ತಿಂಗಳು. ಎರಡನೆಯ ಅಂಕಿ ದೊಡ್ಡದಿರುವುದಕ್ಕೆ ಕೊನೆಯಲ್ಲಿ ಕೈ ಹಾಕಿ. 2008ರ ಆಗಸ್ಟ್‌ನಿಂದ ಮೂರು ತಿಂಗಳು ಟೊಯೊಟಾ ಟೆಕ್ಸಾಸ್ ಮತ್ತು ಇಂಡಿಯಾನಾದ ಟ್ರಕ್ ಉತ್ಪಾದನೆ ನಿಲ್ಲಿಸಿತು, ಕಾಯಂ ಕೆಲಸಗಾರರನ್ನು ಮನೆಗೆ ಕಳಿಸದೆ ತರಬೇತಿಗೆ ಕೂರಿಸಿತು. ಆ ಹಣಕಾಸು ವರ್ಷ ಅವರಿಗೆ ಸುಮಾರು 46,100 ಕೋಟಿ ಯೆನ್ ಕಾರ್ಯಾಚರಣೆ ನಷ್ಟವಾಯಿತು ಎಂಬುದನ್ನೂ ಹೇಳಬೇಕು; ಹಾಗೆ ಮಾಡಲು ಅವರ ಬಳಿ ನಗದು ಇತ್ತು, ಎಲ್ಲರ ಬಳಿ ಇರುವುದಿಲ್ಲ. ಅದಕ್ಕೇ ಖರ್ಚಿನ ಪಟ್ಟಿಯನ್ನು ನಗದು ಪಟ್ಟಿಯ ಪಕ್ಕದಲ್ಲಿಟ್ಟೇ ಓದಬೇಕು.

ತೆರಿಗೆಯ ಒಂದು ಸಣ್ಣ ಉದಾಹರಣೆ, ಏಕೆಂದರೆ ಈಗಿನ ಜಿಎಸ್‌ಟಿಯಲ್ಲೂ ಇದೇ ಆಗುತ್ತದೆ. 2008ರ ಡಿಸೆಂಬರ್‌ನಲ್ಲಿ ಕಾರ್ಖಾನೆಯಲ್ಲಿ ತಯಾರಾದ ಮಾಲಿನ ಮೇಲಿನ ಕೇಂದ್ರ ಅಬಕಾರಿ ಸುಂಕವನ್ನು ಶೇ 14ರಿಂದ 10ಕ್ಕೆ ಇಳಿಸಿದರು. ಒಳ್ಳೆಯ ಸುದ್ದಿಯೇ. ಆದರೆ ಗೋಡೌನಿನಲ್ಲಿದ್ದ ಮಾಲಿಗೆ ಶೇ 14ರಂತೆ ಕಟ್ಟಿ, ಮುಂದೆ ಕಟ್ಟುವ ಸುಂಕದಲ್ಲಿ ಕಳೆದುಕೊಳ್ಳಬಹುದಾಗಿದ್ದ ಸೆನ್‌ವ್ಯಾಟ್ ಕ್ರೆಡಿಟ್ ಇತ್ತು, ಮಾರುವಾಗ ಬಳಕೆಯಾಗುವುದು ಶೇ 10ರಂತೆ. ಪುಸ್ತಕದಲ್ಲಿ ಆಸ್ತಿ ಬೆಳೆಯಿತು, ನಗದು ಬರಲಿಲ್ಲ. ಕ್ರೆಡಿಟ್ ಎಂಬುದನ್ನು ನಗದು ಪಟ್ಟಿಯಲ್ಲಿ ಬಳಸುವ ವಾರಕ್ಕೆ ಮಾತ್ರ ಬರೆಯಿರಿ.

ಕೊನೆಯದಾಗಿ ಚೇತರಿಕೆ. ವಿಚಿತ್ರವೆನಿಸಬಹುದು, ಘಟಕಗಳು ಮುಳುಗುವುದು ಇಳಿಜಾರಿನಲ್ಲಷ್ಟೇ ಅಲ್ಲ, ಏರುವಾಗಲೂ. 2009-10ರಲ್ಲಿ ನಮ್ಮ ದೇಶದ ಕಾರು ಮಾರಾಟ ಒಂದೇ ವರ್ಷದಲ್ಲಿ ಸುಮಾರು ಕಾಲು ಭಾಗ ಏರಿತು. ಬಿಡಿಭಾಗದವರಿಗೆ ಆರ್ಡರ್ ಒಮ್ಮೆಲೇ ಬಂತು. ನಮ್ಮ ಘಟಕ 55,000ದಿಂದ ಮತ್ತೆ 1,00,000ಕ್ಕೆ ಹೋಗಬೇಕೆಂದರೆ ತಿಂಗಳಿಗೆ 45,000 ಪೀಸ್ ಹೆಚ್ಚು, ಅಂದರೆ 13.5 ಲಕ್ಷದ ಮಾಲು ಮತ್ತು ಕೆಲಸ. ತಯಾರಿಕೆ 30 ದಿನ, ಉದ್ದರಿ 75 ದಿನ, ಸರಬರಾಜುದಾರರು ಕೊಡುವ 30 ದಿನ ಕಳೆದರೆ 75 ದಿನದ ಹಣ ನಾವೇ ಹಾಕಬೇಕು. 33.75 ಲಕ್ಷ. ಡ್ರಾಯಿಂಗ್ ಪವರ್ 54ರಲ್ಲಿ ಕೂತಿದೆ, ಬಾಕಿ ಮೂಡಿ ಅದು ಏರಲು ಇನ್ನೂ ತಿಂಗಳುಗಳು ಬೇಕು.

ಒಂದು ದಾರಿಯೆಂದರೆ ಗ್ರಾಹಕನೇ ರಾಡ್ ಕೊಡಲಿ, ನಾವು ಜಾಬ್‌ವರ್ಕ್ ಮಾಡೋಣ ಎನ್ನುವುದು. ಆಗ ಪೀಸಿಗೆ ನಮ್ಮದು 6 ರೂಪಾಯಿ ಮಾತ್ರ, ಬೇಕಾಗುವ ಹಣ 33.75ರಿಂದ 6.75 ಲಕ್ಷಕ್ಕೆ ಇಳಿಯುತ್ತದೆ. ಆದರೆ ದರ ಮಾತಾಡುವಾಗ ಎಚ್ಚರ. ಖರೀದಿ ವಿಭಾಗದವರು ‘36ರ ರಾಡ್ ನಮ್ಮದು, 50ರಲ್ಲಿ ಅದನ್ನು ಕಳೆದು 14 ಕೊಡುತ್ತೇವೆ’ ಎನ್ನುತ್ತಾರೆ. ಚೂರು ನಿಮಗೇ ಉಳಿದರೆ 14 ಸರಿ, ಏಕೆಂದರೆ ಅದನ್ನು ಮಾರಿ 12 ಬರುತ್ತದೆ, ಕಾಂಟ್ರಿಬ್ಯೂಷನ್ ಅದೇ 20. ಚೂರನ್ನೂ ವಾಪಸ್ ಕೊಡಬೇಕೆಂದರೆ ದರ 26 ಆಗಬೇಕು. 14ಕ್ಕೆ ಒಪ್ಪಿ ಚೂರನ್ನೂ ಕೊಟ್ಟರೆ ಉಳಿಯುವುದು ಪೀಸಿಗೆ 8. ಈ ಒಂದು ಸಾಲು ಪರ್ಚೇಸ್ ಆರ್ಡರಿನಲ್ಲಿ ಬರೆದಿರುವುದೇ ಇಲ್ಲ. ಬರೆಸಿಕೊಳ್ಳಿ, ಚೂರಿನ ತೂಕ ಶೇಕಡ ಎಷ್ಟು ಎಂಬುದರ ಸಮೇತ. ಹಾಗೆಯೇ ಬ್ಯಾಂಕಿಗೂ ಮೊದಲೇ ಪತ್ರ ಬರೆಯಿರಿ: ಇನ್ನು ಮುಂದೆ ಬಿಲ್ಲಿನಲ್ಲಿ ಪೀಸಿನ ದರ 50ರ ಬದಲು 14 ಅಥವಾ 26 ಕಾಣುತ್ತದೆ, ವ್ಯಾಪಾರ ಕುಗ್ಗಿದ್ದಲ್ಲ ಎಂದು. ಸಣ್ಣ ಘಟಕಗಳ ಸಿಸಿ ಮಿತಿಯನ್ನು ವಾರ್ಷಿಕ ವಹಿವಾಟಿನ ಶೇ 20ರ ಲೆಕ್ಕದಲ್ಲಿ ನಿಗದಿ ಮಾಡುವ ಬ್ಯಾಂಕುಗಳಿವೆ. ನೀವು ಹೇಳದಿದ್ದರೆ, ನವೀಕರಣದ ದಿನ ಅವರು ನೋಡುವುದು ಅರ್ಧವಾದ ಆ ವಹಿವಾಟನ್ನು ಮಾತ್ರ.